ನಮ್ಮ ಅಟ್ಟದ ಕಾರಖಾನೆ

ಮನುಷ್ಯನಾದವನಿಗೆ ಯಾವುದಾದರೊಂದು ಚಟವಿರಬೇಕೆಂದು ಬಲ್ಲವರು ಹೇಳುತ್ತಾರೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ಮತ್ತೆ ಕೆಲವರಿಗೆ ನೆರೆಮನೆಯ ಸುದ್ದಿ. ನನಗೆ ದೇವರು ದಯಪಾಲಿಸಿದ ಚಟವೇ ಬೇರೆ. ಸುಖವಾಗಿ ನಡೆಯುತ್ತಿರುವ ಯಾವ ವಸ್ತುವನ್ನು ಕಂಡರೂ ಅದು ಹೇಗೆ ನಡೆಯುತ್ತಿದೆಯೆಂದು ಬಿಚ್ಚಿ ನೋಡುವುದು. ನೋಡಿದ ಮೇಲೆ ಮತ್ತೆ ಜೋಡಿಸುವುದು. ಜೋಡಿಸಿದ ಮೇಲೆ ಮಿಕ್ಕುಳಿದ ಒಂದೆರಡು ತಿರುಪುಗಳನ್ನು ಯಾರ ಕಣ್ಣಿಗೂ ಬೀಳದಂತೆ ಡಬ್ಬಿಗೆ ಹಾಕುವುದು. ಮದುವೆಯಾದ ಹೊಸದರಲ್ಲಿ ನನ್ನ ಮಾವನವರು ಉಡುಗೊರೆಯಾಗಿ ಕೊಟ್ಟ ಗೋಡೆಗಡಿಯಾರವನ್ನು ನಾನು ಹೀಗೆಯೇ ಉದ್ಧಾರ ಮಾಡಿದೆ. ಅಂದಿನಿಂದ ಅದು ದಿನಕ್ಕೆ ಎರಡು ಸಲ ತಪ್ಪದೆ ಸರಿಯಾದ ಹೊತ್ತನ್ನು ತೋರಿಸುತ್ತ ಬಂದಿದೆ.

"ಅಲ್ಲರೀ, ಆ ಡಬ್ಬ್ಯಾಗಿನ ತಿರುಪೆಲ್ಲ ಕೂಡಿಸಿದ್ರ ಇನ್ನೊಂದು ಗಡಿಯಾರ ಆಗ್ತದ" ಎಂದು ನನ್ನಾಕೆ ಹೇಳಿದ್ದು ಇಂದಿಗೂ ನಮ್ಮ ಮನೆಯ ಗಾದೆಯಾಗಿ ಉಳಿದಿದೆ.

ನಮ್ಮ ಮನೆ ಇರುವುದು ಶಹಾಪುರದಲ್ಲಿ, ಖಡೇಬಾಜಾರದ ಗದ್ದಲದಿಂದ ತುಸು ಒಳಗೆ ಸರಿದ ಒಂದು ಓಣಿಯಲ್ಲಿ. ಇಂದು ಬೆಳಗಾವಿಯೊಳಗೇ ಕರಗಿಹೋಗಿರುವ ಶಹಾಪುರವು 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ ಬೇರೆಯೇ ಊರಾಗಿತ್ತು. ನೇಕಾರರೂ ಅಕ್ಕಸಾಲಿಗರೂ ವ್ಯಾಪಾರಿಗಳೂ ಬೆಳೆಸಿದ ಪೇಟೆ ಇದು. ಶಹಾಪುರದ ಸೀರೆಯೆಂದರೆ ಆಚೆಯ ಮಹಾರಾಷ್ಟ್ರದ ಹೆಣ್ಣುಮಕ್ಕಳಿಗೂ ಗೊತ್ತಿತ್ತು. ನಮ್ಮ ತಂದೆ ನೇಕಾರರು. ನಡುಮನೆಯಲ್ಲಿದ್ದ ಕುಣಿಮಗ್ಗದ ಕುಣಿಯನ್ನು ಎಂದೋ ಮುಚ್ಚಿ ಹಾಸುಗಲ್ಲು ಹಾಕಿದ್ದೇವೆ. ಅದರ ಮೇಲೆ ಈಗ ಊಟದ ಮೇಜು ಇದೆ. ನಾನು ಮಾತ್ರ ಲಾಳಿಯನ್ನು ಬಿಟ್ಟು ಲೇಖನಿಯನ್ನು ಹಿಡಿದು, ಲೆಕ್ಕಪತ್ರದ ಗುಮಾಸ್ತನಾಗಿ ಮೂವತ್ತಾರು ವರ್ಷ ಸವೆಸಿ, ನಿವೃತ್ತನಾಗಿ ಅಟ್ಟವನ್ನೇರಿದವನು. ಆ ಅಟ್ಟವೇ ನನ್ನ ಕಾರಖಾನೆ. ಅಲ್ಲಿ ನಾನೇ ಮಾಲೀಕ, ನಾನೇ ಕೂಲಿ. ಮುಷ್ಕರ ಹೂಡುವ ಹಕ್ಕು ಮಾತ್ರ ನನ್ನಾಕೆಯದು.

ಕಾರಖಾನೆಯ ಉತ್ಪಾದನೆ ಏನೆಂದು ತಾವು ಕೇಳಬಹುದು. ಮೊದಲನೆಯದು ಬ್ರೆಡ್ಡು. ಬೆಳಗಾವಿಯು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಆಷಾಢದ ಮಳೆ ಹಿಡಿಯಿತೆಂದರೆ ನಾದಿಟ್ಟ ಹಿಟ್ಟು ಉಬ್ಬುವುದಿಲ್ಲ, ನಮ್ಮ ಹಾಗೆ ಮುದುಡಿಕೊಂಡು ಕುಳಿತುಬಿಡುತ್ತದೆ. ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಂಬುದು ಒಂದು ಜೀವಿ. ಅದಕ್ಕೆ ಸುಮಾರು ಮೂವತ್ತು ಡಿಗ್ರಿಯ ಬೆಚ್ಚನೆಯ ಹವೆ ಬೇಕು. ನಾನೊಂದು ಉಪಾಯ ಹೂಡಿದೆ. ಅಟ್ಟದಲ್ಲಿ ಬಿದ್ದಿದ್ದ ಹಳೆಯ ಮರ್ಫಿ ರೇಡಿಯೋದ ಮರದ ಪೆಟ್ಟಿಗೆಯನ್ನು ತೊಳೆದು ಒರೆಸಿ, ಒಳಗೊಂದು ಅರವತ್ತು ವಾಟಿನ ಬಲ್ಬನ್ನು ಕೂರಿಸಿ, ಅದನ್ನು ಆಳಲು ಆರ್ಡುಯಿನೋ ಎಂಬ ಅಂಗೈಯಗಲದ ಹಲಗೆಯೊಂದನ್ನು ನೇಮಿಸಿದೆ. ಇದು 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದು. ಶಾಖವನ್ನು ಅಳೆಯುವ ಒಂದು ಮಣಿಯನ್ನು ಇದಕ್ಕೆ ಕಟ್ಟಿ, ಹವೆ ಮೂವತ್ತು ಡಿಗ್ರಿಗಿಂತ ಕೆಳಗಿಳಿದರೆ ದೀಪ ಹೊತ್ತಿಸು, ಮೇಲೇರಿದರೆ ಆರಿಸು ಎಂದು ಅಪ್ಪಣೆ ಬರೆದುಕೊಟ್ಟರಾಯಿತು. ಅದು ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯುತ್ತದೆ.

ಅಪ್ಪಣೆಯೇನೋ ಬರೆದೆ. ಆದರೆ 'ಕಡಿಮೆ' ಎಂಬ ಚಿಹ್ನೆಯ ಮೂತಿಯನ್ನು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದ್ದೆ. ಅಂದು ಮಧ್ಯಾಹ್ನ ಮಳೆ ಹೊರಪಾಗಿ ಬಿಸಿಲು ಬಿದ್ದಿತ್ತು. ಅಟ್ಟದ ಹೆಂಚು ಕಾದಿತ್ತು. ಹವೆ ಮೂವತ್ತನ್ನು ದಾಟಿದ್ದೇ ತಡ, ದೀಪ ಹೊತ್ತಿಕೊಂಡಿತು. ಹೊತ್ತಿದಷ್ಟೂ ಶಾಖ, ಶಾಖವೇರಿದಷ್ಟೂ ಹೊತ್ತುವ ಅಪ್ಪಣೆ. ಐವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಯೀಸ್ಟಿನ ಆಯುಷ್ಯ ಮುಗಿಯುತ್ತದೆಯೆಂದು ಶಾಸ್ತ್ರ ಹೇಳುತ್ತದೆ. ಆ ಶಾಸ್ತ್ರ ಸುಳ್ಳಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಸುಟ್ಟು ಹೊರಬಂದ ಆ ಬ್ರೆಡ್ಡನ್ನು ನನ್ನಾಕೆ ಒಮ್ಮೆ ಕೈಯಲ್ಲಿ ತೂಗಿ ನೋಡಿ, ಏನೊಂದೂ ನುಡಿಯದೆ, ಗಾಳಿಗೆ ಹೊಡೆದುಕೊಳ್ಳುತ್ತಿದ್ದ ಅಟ್ಟದ ಬಾಗಿಲಿಗೆ ಒತ್ತಾಗಿ ಇಟ್ಟಳು. ಅದು ಇಂದಿಗೂ ಅಲ್ಲಿಯೇ ಇದೆ. ಇರುವೆಗಳು ಕೂಡ ಅದರ ತಂಟೆಗೆ ಹೋಗಿಲ್ಲ.

ಎರಡನೆಯ ಉತ್ಪಾದನೆ ಚೌಕಾಬಾರದ ಯಂತ್ರ. ಶ್ರಾವಣದ ಮಧ್ಯಾಹ್ನಗಳಲ್ಲಿ ನನ್ನಾಕೆಯೂ ಓಣಿಯ ಅವಳ ಗೆಳತಿಯರೂ ಸೇರಿ ಕವಡೆ ಹಾಕಿ ಚೌಕಾಬಾರ ಆಡುತ್ತಾರೆ. ನಾಲ್ಕು ಕವಡೆಗಳಲ್ಲಿ ಬಾಯಿ ಮೇಲಾಗಿ ಬಿದ್ದವುಗಳನ್ನು ಎಣಿಸಿ ಕಾಯಿ ನಡೆಸುವುದು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಮಂಚದ ಕೆಳಗೆ ಉರುಳಿದಾಗಲೆಲ್ಲ ಜಗಳವೇಳುತ್ತಿತ್ತು. ಈ ಕಲಹವನ್ನು ಕೊನೆಗಾಣಿಸುವ ಸದುದ್ದೇಶದಿಂದ, ಗುಂಡಿ ಒತ್ತಿದರೆ ಒಂದು, ಎರಡು, ಮೂರು, ಚೌಕ, ಬಾರಗಳಲ್ಲಿ ಯಾವುದಾದರೊಂದು ದೀಪ ಬೆಳಗುವ ಯಂತ್ರವೊಂದನ್ನು ಮಾಡಿಕೊಟ್ಟೆ. ಐದಕ್ಕೂ ಸಮಾನ ಅವಕಾಶ. ಯಾವ ಪಕ್ಷಪಾತವೂ ಇಲ್ಲ.

ಹತ್ತೇ ನಿಮಿಷದಲ್ಲಿ ಯಂತ್ರ ತಿರಸ್ಕೃತವಾಗಿ ಅಟ್ಟಕ್ಕೆ ಬಂತು.

"ಇದಕ್ಕ ಆಟ ಗೊತ್ತಿಲ್ಲರೀ. ಕೈ ಹಚ್ಚಿದ್ರ ಸಾಕು, ಚೌಕ, ಬಾರ. ಬಾರ ಅಂದ್ರ ಅಷ್ಟು ಸಸ್ತಾ ಏನು?"

ಕಾಗದ ಹಿಡಿದು ಲೆಕ್ಕ ಹಾಕಿದೆ. ನಾಲ್ಕು ಕವಡೆಗಳು ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಎರಡು ಬೀಳುವ ಬಗೆಗಳು 6. ಒಂದಕ್ಕೂ ಮೂರಕ್ಕೂ ತಲಾ 4. ಚೌಕಕ್ಕೂ ಬಾರಕ್ಕೂ ತಲಾ ಒಂದೇ ಒಂದು. ನಾನಾದರೋ ಹದಿನಾರರಲ್ಲೊಮ್ಮೆ ಸಿಗಬೇಕಾದ ಬಾರವನ್ನು ಐದರಲ್ಲೊಮ್ಮೆ ಹಂಚಿ, ಅದರ ಬೆಲೆಯನ್ನೇ ಕಳೆದಿದ್ದೆ. ಸಂಭಾವ್ಯತೆಯ ಗಣಿತವನ್ನು ಕನಸಿನಲ್ಲೂ ಕಾಣದ ನಾಲ್ವರು ಹೆಂಗಸರು ಅದನ್ನು ಹತ್ತು ನಿಮಿಷದಲ್ಲಿ ಕಂಡುಹಿಡಿದಿದ್ದರು. ತಪ್ಪನ್ನು ತಿದ್ದಿ ಯಂತ್ರವನ್ನು ಮತ್ತೆ ಒಯ್ದುಕೊಟ್ಟೆ. ಆಕೆ ನಾಲ್ಕಾರು ಸಲ ಒತ್ತಿ ನೋಡಿ, "ಈಗ ಅಡ್ಡಿಯಿಲ್ಲ. ಆದ್ರ ನಮ್ಮ ಕವಡಿಗೆ ಒಂದೊಂದಕ್ಕ ಒಂದೊಂದು ಸ್ವಭಾವ ಐತಿ. ಅದನ್ನೆಲ್ಲಿಂದ ತರ್ತೀರಿ?" ಎಂದಳು. ಕವಡೆಯ ಬೆನ್ನೂ ಹೊಟ್ಟೆಯೂ ಒಂದೇ ಸಮನಲ್ಲವೆಂಬುದು ಆಮೇಲೆ ನನಗೂ ಹೊಳೆಯಿತು. ಯಂತ್ರ ಮತ್ತೆ ಅಟ್ಟ ಸೇರಿತು.

ಮೂರನೆಯದು ಹಾಸ್ಯಕಥೆಗಳು. ನಾನು ಹುಡುಗನಾಗಿದ್ದಾಗ, ಡಾಕ್ಟರ್ ಎಂ. ಶಿವರಾಂ ಅವರು 'ರಾಶಿ' ಎಂಬ ಹೆಸರಿನಿಂದ ನಡೆಸುತ್ತಿದ್ದ 'ಕೊರವಂಜಿ'ಯ ಹಳೆಯ ಸಂಚಿಕೆಗಳು ವಾಚನಾಲಯದಲ್ಲಿ ಸಿಗುತ್ತಿದ್ದವು. 1942ರಲ್ಲಿ ಹುಟ್ಟಿದ ಆ ಪತ್ರಿಕೆ 1967ರಲ್ಲಿ ನಿಂತಿತು. ಅದು ನಿಂತದ್ದರಿಂದಲೇ ನನ್ನ ಕಥೆಗಳಿಗೆ ನೆಲೆಯಿಲ್ಲದಂತಾಯಿತೆಂದು ನಾನು ನಂಬಿಕೊಂಡಿದ್ದೇನೆ. ಮಿಕ್ಕ ಸಂಪಾದಕರು ನನ್ನ ಕಥೆಗಳನ್ನು ಓದಿ ನಗುತ್ತಿದ್ದರೋ ಇಲ್ಲವೋ ತಿಳಿಯದು. ಹಿಂದಕ್ಕೆ ಕಳಿಸುವುದನ್ನಂತೂ ಮರೆಯುತ್ತಿರಲಿಲ್ಲ. ಒಮ್ಮೆ ನನ್ನಾಕೆಗೆ ಒಂದು ಕಥೆಯನ್ನು ಓದಿ ಹೇಳಿದೆ. ಅವಳು ಕೊನೆಯವರೆಗೆ ಕೇಳಿ, "ಪಾಪ, ಆ ಹೆಂಗಸು ಹ್ಯಾಂಗ ತಾಳಿಕೊಂಡಳು!" ಎಂದು ಕಣ್ಣೊರೆಸಿಕೊಂಡಳು. ಅಂದಿನಿಂದ ಹಾಸ್ಯವನ್ನು ತುಸು ಕಡಿಮೆ ಮಾಡಿದ್ದೇನೆ.

ಇಷ್ಟು ದಿನ ಹೀಗೆ ನಡೆದುಕೊಂಡು ಬಂದ ಕಾರಖಾನೆಗೆ ಕಳೆದ ದೀಪಾವಳಿಯಲ್ಲಿ ಆಪತ್ತು ಬಂತು. ಸುಣ್ಣ ಬಳಿಯಲು ಅಟ್ಟವನ್ನು ತೆರವು ಮಾಡಬೇಕಾಯಿತು. ನನ್ನಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, ಇದು ರದ್ದಿಗೆ, ಇದು ಒಲೆಗೆ ಎಂದು ತೀರ್ಪು ಕೊಡುತ್ತಿದ್ದಳು. ರಜೆಗೆ ಬಂದಿದ್ದ ಮೊಮ್ಮಗ ತೀರ್ಪನ್ನು ಜಾರಿಗೊಳಿಸುತ್ತಿದ್ದ. ಮೂಲೆಯ ಮೂಟೆಯೊಂದನ್ನು ಅವನು ಎಳೆದಾಗ ದಾರದಿಂದ ಹೊಲಿದ ಉದ್ದನೆಯ ರಟ್ಟಿನ ಪಟ್ಟಿಗಳು ಮಡಿಕೆ ಮಡಿಕೆಯಾಗಿ ಹೊರಬಿದ್ದವು. ಪಟ್ಟಿಯ ತುಂಬ ತೂತುಗಳು.

"ಅಜ್ಜಾ, ಇದೇನಿದು?"

ನಾನು ಮುಖ ತಿರುಗಿಸಿ, "ಏನಿಲ್ಲ ಬಿಡು, ರದ್ದಿಗೆ ಹಾಕು" ಎಂದೆ. ಇಂಗಾಲದ ಬಲ್ಬನ್ನೂ ಬಿಸಾಡಲೊಪ್ಪದ ಮನುಷ್ಯ ಹೀಗಂದದ್ದು ನನ್ನಾಕೆಗೆ ಸೋಜಿಗವೆನಿಸಿರಬೇಕು. ಅವಳು ಬಗ್ಗಿ ನೋಡಿ, "ಮಾವನವರ ಮಗ್ಗದ್ದಲ್ಲೇನ್ರೀ ಇದು?" ಎಂದಳು.

ಹೌದು, ಅಪ್ಪನ ಮಗ್ಗದ್ದೇ. ಓದುಗರಿಗೆ ಈಗ ಅರವತ್ತು ವರ್ಷಗಳ ಹಿಂದಿನ ಒಂದು ಮಾತನ್ನು ಹೇಳಬೇಕಾಗಿದೆ. ಇದನ್ನು ನಾನು ಈವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಅಪ್ಪನ ಮಗ್ಗದ ನೆತ್ತಿಯ ಮೇಲೆ, ಸೀರೆಯ ದಡಿಯಲ್ಲಿ ಹೂ ಮೂಡಿಸುವುದಕ್ಕೆಂದು ಚಿಕ್ಕದೊಂದು ಜಕಾರ್ಡ್ ಯಂತ್ರವಿತ್ತು. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮೇರಿ ಜಕಾರ್ಡ್ ಎಂಬಾತ 1804ರ ಹೊತ್ತಿಗೆ ಸಿದ್ಧಪಡಿಸಿದ ಯುಕ್ತಿ ಅದು. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ರಟ್ಟಿನ ಪಟ್ಟಿ. ಪಟ್ಟಿಯಲ್ಲಿ ತೂತಿದ್ದ ಕಡೆ ಸೂಜಿ ತೂರಿಕೊಳ್ಳುತ್ತದೆ. ಅದರ ಕೊಕ್ಕೆ ಮೇಲೇಳುವಾಗ ಹಾಸಿನ ಎಳೆಯೂ ಏಳುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದೆ ಸರಿಯುತ್ತದೆ. ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆಗಳ ಕೆಳಗೆ ಲಾಳಿ ಓಡಿದರೆ ಹೂವಿನ ಒಂದು ಸಾಲು ಮುಗಿಯಿತು. ಪಟ್ಟಿಗಳ ಸರ ಒಂದು ಸುತ್ತು ಬಂದರೆ ಒಂದು ಹೂ.

ಆಗ ನನಗೆ ಹನ್ನೆರಡು ವರ್ಷ, 1962ರ ಮಾತು. "ಅಪ್ಪಾ, ಈ ತೂತು ಏನ ಮಾಡ್ತದ?" ಎಂದು ಕೇಳಿದ್ದೆ. "ಒಂದು ತೂತು, ಒಂದು ಎಳಿ" ಎಂದಷ್ಟೇ ಹೇಳಿ ಅಪ್ಪ ಮತ್ತೆ ಲಾಳಿ ಎಸೆದಿದ್ದರು. ಹೇಳಿದ್ದನ್ನು ಪರೀಕ್ಷಿಸದೆ ನಂಬುವ ಸ್ವಭಾವ ನನಗೆ ಆಗಲೂ ಇರಲಿಲ್ಲ. ಒಂದು ಸೋಮವಾರ ಅವರು ಕಪಿಲೇಶ್ವರ ಗುಡಿಗೆ ಹೋದ ಸಮಯ ನೋಡಿ, ಶಾಲೆಯ ಕಂಪಾಸಪೆಟ್ಟಿಗೆಯ ಕೈವಾರದ ಮೊನೆಯಿಂದ ಒಂದು ಪಟ್ಟಿಯಲ್ಲಿ ಒಂದೇ ಒಂದು ತೂತು ಕೊರೆದೆ. ಎಳೆ ಏಳುತ್ತದೆಯೋ ಇಲ್ಲವೋ ನೋಡಿ, ಮುಚ್ಚಿಬಿಡಬೇಕೆಂಬುದು ನನ್ನ ಯೋಚನೆ. ಅಷ್ಟರಲ್ಲಿ ಅಪ್ಪ ಬಂದರು. ನಾನು ಆಚೆಗೆ ಓಡಿದೆ.

ಕಂದೀಲಿನ ಬೆಳಕಿನಲ್ಲಿ, ಒಪ್ಪಿಸುವ ಗಡುವು ಹತ್ತಿರವಾದ ಸೀರೆಯನ್ನು ಅಪ್ಪ ಎರಡು ರಾತ್ರಿ ನೇಯ್ದರು. ಮೂರನೆಯ ದಿನ ಬಿಸಿಲಿಗೆ ಬಿಡಿಸಿ ನೋಡಿದಾಗ, ದಡಿಯ ಪ್ರತಿಯೊಂದು ಹೂವಿನ ಎಡಗಡೆಯ ಎಸಳಿನಲ್ಲಿ ಸಾಸಿವೆಯಷ್ಟು ಚುಕ್ಕೆ. ನೂಲು ಕೊಟ್ಟಿದ್ದ ಸಾಹುಕಾರ ಸೀರೆಯನ್ನು ಒಪ್ಪಲಿಲ್ಲ. ಮಜೂರಿ ಹೋಯಿತು, ನೂಲಿನ ಬೆಲೆಯೂ ಮುಂದಿನ ಲೆಕ್ಕದಲ್ಲಿ ಮುರಿದುಹೋಯಿತು. "ಇಲಿ ಕಡದದ ಪಟ್ಟಿ" ಎಂದು ಅಪ್ಪ ಅವ್ವನಿಗೆ ಹೇಳುವುದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ನಿಜ ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ಆ ತಿಂಗಳು ಮನೆಯಲ್ಲಿ ಎರಡು ಹೊತ್ತೂ ಜೋಳದ ನುಚ್ಚೇ ಆಯಿತು. ಸೀರೆ ಅವ್ವನ ಪಾಲಿಗೆ ಬಂತು. ಹಬ್ಬಹುಣ್ಣಿವೆಗೆ ಅವಳು ಅದನ್ನುಟ್ಟು ಒಬ್ಬಟ್ಟು ಬಡಿಸಲು ಬಂದಾಗಲೆಲ್ಲ ಆ ಚುಕ್ಕೆಗಳು ಸಾಲಾಗಿ ನನ್ನ ಎಲೆಯ ಮುಂದೆ ಹಾದುಹೋಗುತ್ತಿದ್ದವು.

ಇದಾದ ಎರಡು ತಿಂಗಳಿಗೆ ಅಪ್ಪ ಕ್ಯಾಂಪಿನ ಹಳೆಯ ಸಾಮಾನಿನ ಅಂಗಡಿಯಿಂದ ಮಿಲಿಟರಿಯವರು ಬಳಸಿ ಬಿಟ್ಟ ಒಂದು ಹೆಡ್‌ಫೋನನ್ನು ತಂದು ನನ್ನ ಮುಂದಿಟ್ಟರು. ರೇಡಿಯೋ ಕಟ್ಟಬೇಕೆಂದು ನಾನು ಅದನ್ನು ತಿಂಗಳುಗಟ್ಟಲೆ ಬೇಡಿ ಬೇಸತ್ತು ಬಿಟ್ಟಿದ್ದೆ. "ಬಿಚ್ಚೂದಿದ್ರ ಇದನ್ನ ಬಿಚ್ಚು" ಎಂದು ಹೇಳಿ ಮಗ್ಗಕ್ಕೆ ಇಳಿದರು. ಅಷ್ಟೇ. ಸೀರೆ ಸುತ್ತುವ ರಟ್ಟಿನ ಕೊಳವೆಗೆ ತಾಮ್ರದ ತಂತಿ ಸುತ್ತಿ, ಒಂದು ಡಯೋಡು ಸೇರಿಸಿ, ಮಾಡಿನಿಂದ ಹಿತ್ತಲ ತೆಂಗಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಬಾವಿಕಟ್ಟೆಯ ಹಸಿನೆಲದಲ್ಲಿ ಹೂತು, ಬ್ಯಾಟರಿಯೇ ಇಲ್ಲದ ರೇಡಿಯೋ ಮಾಡಿದೆ. 1950ರಲ್ಲಿ ಆರಂಭವಾಗಿದ್ದ ಧಾರವಾಡ ಆಕಾಶವಾಣಿ ರಾತ್ರಿಯ ನಿಶ್ಶಬ್ದದಲ್ಲಿ ಸೊಳ್ಳೆಯ ದನಿಯಷ್ಟು ಸಣ್ಣಗೆ ಕೇಳಿಸಿತು. ಮೊದಲು ಅಪ್ಪನ ಕಿವಿಗೆ ಇಟ್ಟೆ. ಅವರು ಬಹಳ ಹೊತ್ತು ಕೇಳಿ, ಕಣ್ಣು ಮುಚ್ಚಿಯೇ ತಲೆಯಾಡಿಸಿದರು. ನನ್ನ ಎದೆಯೊಳಗಿನ ಮಾತು ಆ ರಾತ್ರಿಯೂ ಹೊರಬರಲಿಲ್ಲ. ಆಮೇಲೆ ವಿದ್ಯುತ್ ಮಗ್ಗಗಳು ಬಂದವು, ನಮ್ಮ ಕುಣಿ ಮುಚ್ಚಿತು, ಅಪ್ಪ ಕೆಲವು ವರ್ಷ ಪರರ ಮಗ್ಗ ನೋಡಿಕೊಂಡರು, 1984ರಲ್ಲಿ ತೀರಿಕೊಂಡರು. ಮಾತು ನನ್ನಲ್ಲಿಯೇ ಉಳಿಯಿತು.

ಮೊಮ್ಮಗ ಪಟ್ಟಿಗಳನ್ನು ರದ್ದಿಗೆ ಹಾಕಲು ಒಪ್ಪಲಿಲ್ಲ. "ಅಜ್ಜಾ, ತೂತಿದ್ರ ಒಂದು, ಇಲ್ಲದಿದ್ರ ಸೊನ್ನೆ. ಇದು ಕಂಪ್ಯೂಟರ್ ಇದ್ದಂಗ ಐತಲ್ಲ!" ಎಂದ. ಹುಡುಗನ ಮಾತು ಇತಿಹಾಸವೇ ಆಗಿತ್ತು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ಯೋಚಿಸಿದ ಗಣಕಯಂತ್ರಕ್ಕೆ ಜಕಾರ್ಡನ ಪಟ್ಟಿಗಳ ಮೂಲಕವೇ ಅಪ್ಪಣೆ ಕೊಡಬೇಕೆಂದಿದ್ದ. ಅಮೆರಿಕದ ಹರ್ಮನ್ ಹಾಲರಿತ್ 1890ರ ಜನಗಣತಿಯನ್ನು ತೂತಿನ ಕಾರ್ಡುಗಳಿಂದಲೇ ಎಣಿಸಿದ. ಅವನ ಕಂಪನಿಯು ಇತರ ಕಂಪನಿಗಳೊಡನೆ ಕೂಡಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಇಷ್ಟನ್ನೂ ನಾನು ಪುಸ್ತಕಗಳಲ್ಲಿ ಓದಿದ್ದೆ. ಅದರ ಒಂದು ಬೇರು ನಮ್ಮ ಅಟ್ಟದ ಮೂಲೆಯಲ್ಲಿದೆ ಎಂಬುದನ್ನು ನೆನೆಯಲು ಮಾತ್ರ ಮನಸ್ಸು ಒಪ್ಪಿರಲಿಲ್ಲ.

ನಾವಿಬ್ಬರೂ ಕುಳಿತೆವು. ಪಟ್ಟಿಗಳು ನಲವತ್ತೆಂಟು; ಒಂದೊಂದರಲ್ಲಿ ನೂರಕ್ಕೆ ತುಸು ಹೆಚ್ಚು ಜಾಗ. ಕಿಟಕಿಯ ಗಾಜಿಗೆ ಹಿಡಿದು ಒಂದೊಂದರ ಚಿತ್ರವನ್ನೂ ಫೋನಿನಲ್ಲಿ ತೆಗೆದೆವು. ಬೆಳಕು ಬಂದಲ್ಲಿ ಒಂದು, ಬಾರದಲ್ಲಿ ಸೊನ್ನೆ ಎಂದು ಗುರುತಿಸುವ ಅಪ್ಪಣೆಯನ್ನು ಅವನು ಬರೆದ. ಈ ಸಲ ಚಿಹ್ನೆಯ ಮೂತಿಯನ್ನು ನಾನು ಮೂರು ಬಾರಿ ನೋಡಿದೆ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಸಾಲು ಸಾಲಾಗಿ ಹೂವೊಂದು ಅರಳಿತು. ನನಗೆ ಉಸಿರು ಕಟ್ಟಿದಂತಾಯಿತು. ಎಂಟು ಎಸಳಿನ ಹೂ, ನಡುವೆ ಗೋಧಿಕಾಳಿನಂಥ ಕುಸುರು. ಅಪ್ಪನ ಹೂವೇ. ಆದರೆ ಎಡಗಡೆಯ ಎಸಳು ಶುದ್ಧವಾಗಿತ್ತು. ಚುಕ್ಕೆ ಇರಲಿಲ್ಲ.

ಪಟ್ಟಿಗಳನ್ನು ಒಂದೊಂದಾಗಿ ತಿರುವಿದೆ. ಮೂವತ್ತೊಂದನೆಯದರಲ್ಲಿ ಒಂದು ತೂತಿಗೆ ಕಾಗದದ ಚೂರನ್ನು ಅಂಟಿಸಿ ಮುಚ್ಚಿತ್ತು. ಹಿಂಬದಿಯಲ್ಲಿ ಅಪ್ಪ ಎಲ್ಲ ಪಟ್ಟಿಗಳಿಗೂ ಸೀಸದಕಡ್ಡಿಯಿಂದ ಸಂಖ್ಯೆ ಹಾಕಿದ್ದರು. ಈ ಪಟ್ಟಿಯಲ್ಲಿ 31 ಎಂಬುದರ ಪಕ್ಕಕ್ಕೆ ಇನ್ನೆರಡು ಪದಗಳಿದ್ದವು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರ ದಪ್ಪ ಅಕ್ಷರ.

'ತಮ್ಮನ ತೂತು.'

ಅಪ್ಪ ನನ್ನನ್ನು ಕರೆಯುತ್ತಿದ್ದುದು 'ತಮ್ಮಾ' ಎಂದೇ.

ಕೈವಾರದ ಮೊನೆ ಮಾಡಿದ ದುಂಡನೆಯ ತೂತಿಗೂ ಇಲಿಯ ಹಲ್ಲಿಗೂ ಇರುವ ಅಂತರ, ಮೂವತ್ತು ವರ್ಷ ಪಟ್ಟಿ ಕಟ್ಟಿದ ನೇಕಾರನಿಗೆ ತಿಳಿಯದೆ ಇದ್ದೀತೆ? ನಾನು ಆ ರಟ್ಟನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆನಂತೆ. ಇಲಿಯ ಮಾತು ಅವ್ವನ ಬೈಗುಳದಿಂದ ನನ್ನನ್ನು ಉಳಿಸಲು ಹೂಡಿದ್ದು. ಹೆಡ್‌ಫೋನು ಬಂದದ್ದು ಆಮೇಲೆ. ನುಚ್ಚು ಉಂಡ ತಿಂಗಳುಗಳ ಬೆನ್ನಿಗೇ. "ಬಿಚ್ಚೂದಿದ್ರ ಇದನ್ನ ಬಿಚ್ಚು" ಎಂಬ ಮಾತಿನ ಅರ್ಥ ನನ್ನ ತಲೆಗೆ ಹೋಗಲು ಇಷ್ಟು ವರ್ಷ ಹಿಡಿಯಿತು.

"ಯಾಕ ಅಜ್ಜಾ, ಅಳಾಕತ್ತಿ?" ಎಂದು ಮೊಮ್ಮಗ ಕೇಳಿದ. ಅವನಿಗೂ, ಏಣಿಯ ಮೇಲೆ ಬಂದು ನಿಂತಿದ್ದ ಅವನ ಅಜ್ಜಿಗೂ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಲು ಐದು ನಿಮಿಷವೂ ಹಿಡಿಯಲಿಲ್ಲ.

ನನ್ನಾಕೆ ಮಾತಾಡದೆ ಕೆಳಗಿಳಿದು ಹೋದಳು. ಟ್ರಂಕು ತೆರೆದ ಸದ್ದು ಕೇಳಿಸಿತು. ಮತ್ತೆ ಬಂದಾಗ ಅವಳ ಕೈಯಲ್ಲಿ ನುಸಿಗುಳಿಗೆಯ ವಾಸನೆಯ ಸೀರೆಯೊಂದಿತ್ತು. ಅವ್ವ ತೀರಿಕೊಳ್ಳುವ ಮುಂಚೆ ಸೊಸೆಗೆ ಕೊಟ್ಟಿದ್ದಂತೆ. ಕೊಡುವಾಗ, "ಈ ಚುಕ್ಕಿ ನನ್ನ ಮಗಂದು, ಜ್ವಾಕಿ" ಎಂದಿದ್ದಳಂತೆ. ಹಾಗಾದರೆ ಅವ್ವನಿಗೂ ಗೊತ್ತಿತ್ತು! "ನನಗೇನ ತಿಳೀಬೇಕ್ರೀ? ನೀವು ಸಣ್ಣಾವ್ರಿದ್ದಾಗ ಶಾಯಿ ಚೆಲ್ಲಿರಬೇಕು ಅಂದ್ಕೊಂಡಿದ್ದೆ" ಎಂದಳು.

ಪರದೆಯ ಹೂವನ್ನೂ ದಡಿಯ ಹೂವನ್ನೂ ಜೊತೆಯಲ್ಲಿಟ್ಟು ಮೂವರೂ ನೋಡಿದೆವು. ಮೊಮ್ಮಗ ಬೆರಳಿನಿಂದ ಎಸಳನ್ನು ತೋರಿಸುತ್ತ, "ಮೂವತ್ತೊಂದನೇದ್ರಾಗ ಆ ಸೊನ್ನೆ ತಗದು ಒಂದು ಮಾಡ್ಲೇನಜ್ಜಾ? ಆಗ ಎರಡೂ ಒಂದಾಗ್ತಾವ" ಎಂದ.

"ಮಾಡು" ಎಂದೆ.

ಅವನು ಮಾಡಿದ. ಎಡಗಡೆಯ ಎಸಳಿನಲ್ಲಿ ಸಾಸಿವೆಯಷ್ಟು ಚುಕ್ಕೆ ಮೂಡಿತು.

ಪಟ್ಟಿಗಳನ್ನು ಹೊಸ ದಾರದಿಂದ ಹೊಲಿದು, ತಿರಸ್ಕೃತವಾದ ಚೌಕಾಬಾರದ ಯಂತ್ರವನ್ನು ಕಪಾಟಿನಿಂದ ಕೆಳಗಿಳಿಸಿ, ಆ ಜಾಗದಲ್ಲಿ ಇರಿಸಿದ್ದೇವೆ. ಸುಣ್ಣ ಬಳಿದದ್ದೂ ಆಯಿತು. ಕಾರಖಾನೆ ಮತ್ತೆ ಆರಂಭವಾಗಿದೆ. ಬಾಗಿಲಿಗೆ ಒತ್ತಾಗಿರುವ ಬ್ರೆಡ್ಡನ್ನಾದರೂ ಈಗ ಬಿಸಾಡಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ನನ್ನಾಕೆ, "ಇರಲಿ ಬಿಡ್ರಿ, ಮೊಮ್ಮಗ ದೊಡ್ಡಾವಾದ ಮ್ಯಾಲೆ ನೋಡ್ಲಿ" ಎಂದಳು.